ಸ್ವರ ಸರಿ, ಲಯ ಸರಿ, ಆದರೂ ಸಪ್ಪೆ: ಪಿಯಾನೊದಲ್ಲಿ ಫ್ರೇಸಿಂಗ್ (ಸ್ವರಗಳನ್ನು ವಾಕ್ಯಗಳಂತೆ ಜೋಡಿಸಿ ನುಡಿಸುವುದು) ಸುಧಾರಿಸಿಕೊಳ್ಳುವುದು ಹೇಗೆ?

ನಿಧಾನಗತಿ

ಎಲ್ಲರಿಗೂ ನಮಸ್ಕಾರ. ಸದ್ಯ ಅಭ್ಯಾಸ ಮಾಡುತ್ತಿರುವುದು ಎರಡು ಕೃತಿಗಳನ್ನು: ಶೋಪಾನ್ ಅವರ ಇ ಮೈನರ್ ಪ್ರೆಲ್ಯೂಡ್ (ಓಪಸ್ 28, ಸಂಖ್ಯೆ 4) ಮತ್ತು ಬೇಥೋವನ್ ಅವರ ‘ಫ್ಯೂರ್ ಎಲಿಸೆ’. ಎರಡರಲ್ಲೂ ಸ್ವರ ತಪ್ಪುವುದಿಲ್ಲ, ಲಯ ಜಾರುವುದಿಲ್ಲ, ಪುಟದ ಮೇಲಿರುವ ಗುರುತುಗಳನ್ನೂ ಬಿಡದೆ ಪಾಲಿಸುತ್ತೇನೆ. ರೆಕಾರ್ಡ್ ಮಾಡಿಕೊಂಡು ಕೇಳಿದರೆ ಮಾತ್ರ ಜೀವವೇ ಇಲ್ಲ. ಕಲಿಸುವವರು ‘ಭಾವ ತುಂಬಿ ನುಡಿಸಿ’ ಎನ್ನುತ್ತಾರೆ. ಭಾವವೇನೋ ಬೇಕಾದಷ್ಟಿದೆ, ಅದು ಬೆರಳಿಗೆ ಇಳಿಯುವುದು ಹೇಗೆ ಎಂಬುದೇ ತಿಳಿಯುತ್ತಿಲ್ಲ. ನನ್ನ ಬಳಿ ಇರುವುದು 88 ಕೀಗಳ ಡಿಜಿಟಲ್ ಪಿಯಾನೊ, ಕೀಗಳಿಗೆ ತೂಕವಿದೆ. ‘ಹೃದಯದಿಂದ ನುಡಿಸಿ’ ಎಂಬ ಸಲಹೆ ದಯವಿಟ್ಟು ಬೇಡ. ಕೈ ಏನು ಮಾಡಬೇಕು, ಕಿವಿ ಏನು ಕೇಳಬೇಕು ಎಂದು ಹೇಳಿದರೆ ಉಪಕಾರ.

ಕಪ್ಪುಬಿಳಿ

ಒಳ್ಳೆಯ ಕಲಾವಿದರ ನಾಲ್ಕಾರು ರೆಕಾರ್ಡಿಂಗ್ ಕೇಳಿ. ಕೇಳುತ್ತ ಕೇಳುತ್ತ ತಾನಾಗಿಯೇ ಬರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಕಲಿಯಲು ಆಗುವುದಿಲ್ಲ.

ಮಂದ್ರ

ಕೇಳುವುದು ಬೇಕು, ಆದರೆ ಮೊದಲು ಕೇಳಬೇಕಾದದ್ದು ನಿಮ್ಮದೇ ಪಿಯಾನೊವನ್ನು. ಪ್ರೆಲ್ಯೂಡಿನಲ್ಲಿ ಬಲಗೈಯ ಮೊದಲ ದೀರ್ಘ ಸ್ವರ ಬಿ. ಅದೊಂದನ್ನೇ ನುಡಿಸಿ, ಕೀ ಹಿಡಿದುಕೊಂಡು, ಪೂರ್ತಿ ಆರುವವರೆಗೆ ಸುಮ್ಮನೆ ಕೇಳಿ. ಬಹುತೇಕ ಮಂದಿ ಇದನ್ನು ಎಂದೂ ಮಾಡಿರುವುದಿಲ್ಲ.

ಪಿಯಾನೊದ ಕೀ ಇಳಿಯುವ ಆಳ ಸುಮಾರು 10 ಮಿಲಿಮೀಟರ್. ತಳ ಮುಟ್ಟುವ ಸ್ವಲ್ಪ ಮೊದಲೇ ಹ್ಯಾಮರ್ (ತಂತಿಗೆ ಹೊಡೆಯುವ ಪುಟ್ಟ ಸುತ್ತಿಗೆ) ಕೀಯ ಹಿಡಿತದಿಂದ ಬಿಡಿಸಿಕೊಂಡು ತನ್ನ ಪಾಡಿಗೆ ತಂತಿಯತ್ತ ಹಾರುತ್ತದೆ. ಅಷ್ಟರೊಳಗೆ ನೀವು ಅದಕ್ಕೆ ಕೊಟ್ಟ ವೇಗವೇ ಆ ಸ್ವರದ ಹಣೆಬರಹ. ಆಮೇಲೆ ಕೀಯನ್ನು ಅಮುಕಿದರೂ ಅಲುಗಿಸಿದರೂ ಸ್ವರ ಬೆಳೆಯುವುದಿಲ್ಲ. ಹಾಡುವವರು, ಪಿಟೀಲು ನುಡಿಸುವವರು ಹಿಡಿದ ಸ್ವರವನ್ನು ದೊಡ್ಡದು ಮಾಡಬಲ್ಲರು, ನಮಗೆ ಆ ಸೌಕರ್ಯವಿಲ್ಲ. ಪಿಯಾನೊದ ಪ್ರತಿ ಸ್ವರವೂ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸುತ್ತದೆ.

ಇದರಿಂದ ಬರುವ ಮೊದಲ ಪಾಠ: ದೀರ್ಘ ಸ್ವರದ ನಂತರದ ಸ್ವರವನ್ನು ಎಷ್ಟು ಜೋರಾಗಿ ನುಡಿಸಬೇಕು ಎಂಬುದನ್ನು ದೀರ್ಘ ಸ್ವರ ಆರಂಭವಾದಾಗಿನ ಮಟ್ಟದಿಂದ ಅಳೆಯಬೇಡಿ, ಅದರಲ್ಲಿ ಈಗ ಉಳಿದಿರುವ ಮಟ್ಟದಿಂದ ಅಳೆಯಿರಿ. ಪ್ರೆಲ್ಯೂಡಿನ ಮೊದಲ ಬಾರಿನಲ್ಲಿ (ಬಾರ್ ಎಂದರೆ ಎರಡು ಗೆರೆಗಳ ನಡುವಿನ ತಾಳದ ಒಂದು ಆವರ್ತ) ಬಿ ಮೂರು ಬೀಟ್ ನಿಲ್ಲುತ್ತದೆ, ನಾಲ್ಕನೆಯದರಲ್ಲಿ ಸಿ ಬರುತ್ತದೆ. ಅಷ್ಟು ಹೊತ್ತಿಗೆ ಬಿ ಸಾಕಷ್ಟು ಕರಗಿರುತ್ತದೆ. ಬಿ ನುಡಿಸಿದ ಬಲದಲ್ಲೇ ಸಿ ನುಡಿಸಿದರೆ ನಿಮ್ಮ ಲೆಕ್ಕದಲ್ಲಿ ಎರಡೂ ಸಮ, ಕೇಳುವವರ ಕಿವಿಗೆ ಮಾತ್ರ ಸಿ ಒಂದು ಗುದ್ದು. ‘ಎಲ್ಲ ಸಮವಾಗಿ ನುಡಿಸಿದೆ, ಆದರೂ ಮುರಿದು ಮುರಿದು ಕೇಳುತ್ತದೆ’ ಎನ್ನುವವರ ತೊಂದರೆ ಅರ್ಧಕ್ಕರ್ಧ ಇಷ್ಟೇ. ಕರಗಿದ ಬಿಯ ಮಟ್ಟಕ್ಕೆ ಸಿಯನ್ನು ಸೇರಿಸಲು ಪ್ರಯತ್ನಿಸಿ. ಒಂದು ಹಂತದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹಾಡಿದಂತೆ ಕೇಳಿಸುತ್ತದೆ. ಪಿಯಾನೊದಲ್ಲಿ ಲೆಗಾಟೊ, ಅಂದರೆ ಸ್ವರಗಳನ್ನು ಕೂಡಿಸಿ ನುಡಿಸುವುದು, ಬಹುಪಾಲು ಈ ಕಣ್ಕಟ್ಟು.

ಎರಡನೆಯದು. ಆ ಕೃತಿಯ ಮೊದಲ ಮೂರು ಬಾರ್‌ಗಳಲ್ಲಿ ಬಲಗೈ ಹೇಳುವುದು ಒಂದೇ ಮಾತು: ಬಿ, ಸಿ. ಬಿ, ಸಿ. ಬಿ, ಸಿ. ನಾಲ್ಕನೇ ಬಾರಿನಲ್ಲಿ ಮತ್ತೆ ಬಿ ಬರುತ್ತದೆ, ಆದರೆ ಸಿ ಬರುವುದಿಲ್ಲ. ಅದರ ಜಾಗದಲ್ಲಿ ಬಿ ಫ್ಲ್ಯಾಟ್, ಅಲ್ಲಿಂದ ಎಗೆ ಇಳಿತ. ನಿಮ್ಮ ರೆಕಾರ್ಡಿಂಗಿನಲ್ಲಿ ಆ ಬಿ ಫ್ಲ್ಯಾಟ್ ಹಿಂದಿನ ಮೂರು ಸಿಗಳಂತೆಯೇ ಕೇಳಿಸುತ್ತಿದ್ದರೆ, ಅಲ್ಲಿ ಏನಾಯಿತು ಎಂಬುದನ್ನು ನೀವಿನ್ನೂ ಗಮನಿಸಿಲ್ಲ ಎಂದರ್ಥ. ಜೋರು ಮಾಡಬೇಕೋ, ಮೆಲ್ಲಗಾಗಿಸಬೇಕೋ, ಕ್ಷಣ ತಡೆದು ಇಳಿಸಬೇಕೋ, ಅದು ನಿಮ್ಮ ಆಯ್ಕೆ. ಏನೂ ಆಗದವರಂತೆ ದಾಟಿ ಹೋಗುವುದು ಮಾತ್ರ ಆಯ್ಕೆಯಲ್ಲ.

ಎಡಗೈಗಾರ

ಮಂದ್ರ ಅವರು ಬಲಗೈಯಲ್ಲೇ ನಿಂತುಬಿಟ್ಟರು. ಆ ಪ್ರೆಲ್ಯೂಡಿನಲ್ಲಿ ಕಥೆ ನಡೆಯುವುದೆಲ್ಲ ಎಡಗೈಯಲ್ಲಿ.

ಬಲಗೈ ಒಂದೇ ಸ್ವರ ಹಿಡಿದು ಕೂತಿರುವಾಗ ಕೆಳಗೆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಂಪುಗಳು) ಒಂದೊಂದೇ ಎಳೆಯಾಗಿ ಅರ್ಧ ಸ್ವರದಷ್ಟು ಕೆಳಗೆ ಜಾರುತ್ತಿರುತ್ತವೆ. ಮೇಲಿನ ಬಿ ಅದೇ ಬಿ, ಆದರೆ ಕೆಳಗಿನ ನೆಲ ಕದಲಿದಾಗ ಅದರ ಅರ್ಥವೇ ಬೇರೆಯಾಗುತ್ತದೆ. ಆದ್ದರಿಂದ ಎಡಗೈಯನ್ನು ಒಂದೇ ಬಣ್ಣದಲ್ಲಿ ‘ಟಕ್ ಟಕ್ ಟಕ್’ ಎಂದು ನುಡಿಸಿದರೆ ಮುಗಿಯಿತು, ಬಲಗೈಯಲ್ಲಿ ಏನು ಮಾಡಿದರೂ ವ್ಯರ್ಥ.

ಅಭ್ಯಾಸ ಹೀಗೆ ಮಾಡಿ. ಪೆನ್ಸಿಲ್ ತೆಗೆದುಕೊಂಡು ಎಡಗೈ ಕಾರ್ಡಿನಲ್ಲಿ ಯಾವ ಸ್ವರ ಬದಲಾಯಿತೋ ಅದಕ್ಕೆ ಮಾತ್ರ ಸುತ್ತು ಹಾಕಿ. ಮರುಕಳಿಸುವ ಕಾರ್ಡ್‌ಗಳನ್ನು ಬಿಟ್ಟು, ಬದಲಾಗುವ ಕಾರ್ಡ್‌ಗಳನ್ನು ಮಾತ್ರ ಒಂದಾದ ಮೇಲೊಂದು ಹಿಡಿದು ನುಡಿಸಿ. ಆಗ ಆ ಇಳಿಯುವ ಎಳೆಗಳು ಹಾಡುಗಳಂತೆ ಕೇಳಿಸತೊಡಗುತ್ತವೆ. ಬಳಿಕ ಎಂಟು ಎಂಟು ಕಾರ್ಡ್‌ಗಳನ್ನು ಸೇರಿಸಿ. ಬದಲಾದ ಸ್ವರಕ್ಕೆ ತುಸು ಹೆಚ್ಚು ತೂಕ, ಮಿಕ್ಕ ಪುನರಾವರ್ತನೆಗಳು ಹಿಂದೆ ಸರಿಯಲಿ.

ಇನ್ನೊಂದು ಮುಖ್ಯ ಮಾತು: ಆ ಕಾರ್ಡ್‌ಗಳನ್ನು ನುಡಿಸುವಾಗ ಬೆರಳು ಕೀಯಿಂದ ಮೇಲೇಳಬಾರದು. ಕೀ ಪೂರ್ತಿ ಮೇಲೆ ಬರುವ ಮುನ್ನವೇ ಮತ್ತೆ ಒತ್ತಿ. ದಾರಿ ಗಿಡ್ಡವಾದಷ್ಟೂ ಧ್ವನಿ ಮೆತ್ತಗೆ, ಸಮವಾಗಿ ಬರುತ್ತದೆ. ಗ್ರ್ಯಾಂಡ್ ಪಿಯಾನೊದಲ್ಲಿ ಇದು ಚೆನ್ನಾಗಿ ಆಗುತ್ತದೆ, ಏಕೆಂದರೆ ಅದರ ಯಂತ್ರದಲ್ಲಿ ಕೀ ಪೂರ್ತಿ ಮೇಲೇಳದೆಯೇ ಹ್ಯಾಮರ್ ಮತ್ತೊಂದು ಹೊಡೆತಕ್ಕೆ ಸಿದ್ಧವಾಗುತ್ತದೆ. ಡಿಜಿಟಲ್‌ನಲ್ಲಿ ಮೂರು ಸೆನ್ಸರ್ ಇರುವ ಮಾದರಿಯಾದರೆ ಆಗುತ್ತದೆ, ಎರಡೇ ಇದ್ದರೆ ಸ್ವಲ್ಪ ಹೆಚ್ಚು ಮೇಲೆತ್ತಬೇಕು.

ಕಪ್ಪುಬಿಳಿ

ಪೆನ್ಸಿಲ್ ಹಿಡಿದು ಸುತ್ತು ಹಾಕಿದರೆ ಭಾವ ಬರುತ್ತದೆಯೇ? ಇದು ಸಂಗೀತವೋ ಲೆಕ್ಕಪತ್ರವೋ?

ಎಡಗೈಗಾರ

ಬರುತ್ತದೆ ಎಂದು ನಾನು ಹೇಳಲಿಲ್ಲ. ಯಾವ ಸ್ವರ ಕದಲಿತು ಎಂಬುದೇ ಕಿವಿಗೆ ಬೀಳದವರಿಗೆ ಅಲ್ಲಿ ಭಾವ ಹುಟ್ಟಲು ಏನಿದೆ, ನೀವೇ ಹೇಳಿ.

ನಿಧಾನಗತಿ

ಇಬ್ಬರಿಗೂ ಧನ್ಯವಾದ. ಬಿ ಫ್ಲ್ಯಾಟಿನ ವಿಷಯ ಓದಿದ ಮೇಲೆ ಆ ಜಾಗ ಬೇರೆಯದೇ ಆಗಿ ಕಾಣುತ್ತಿದೆ. ಆದರೆ ಹೊಸ ತೊಂದರೆ ಶುರುವಾಗಿದೆ: ಎರಡೂ ಕೈ ಸೇರಿಸಿದ ಕೂಡಲೇ ಎಡಗೈ ಕಾರ್ಡ್‌ಗಳು ಮೆಲೊಡಿಯನ್ನು ನುಂಗಿಬಿಡುತ್ತವೆ. ಬಲಗೈ ಜೋರು ಮಾಡಿದರೆ ಕರ್ಕಶವಾಗುತ್ತದೆ.

ಮಂದ್ರ

ಬಲಗೈ ಜೋರು ಮಾಡಬೇಡಿ, ಎಡಗೈ ಇಳಿಸಿ. ನೀವು ಅಂದುಕೊಂಡಿರುವುದಕ್ಕಿಂತ ಎಷ್ಟೋ ಹೆಚ್ಚು ಇಳಿಸಬಹುದು. ಮೆಲೊಡಿಯ ಬಿ ಕರಗುತ್ತ ಹೋದಂತೆ ಕಾರ್ಡ್‌ಗಳೂ ಅದರ ಜತೆ ಇಳಿಯಬೇಕು, ಇಲ್ಲವಾದರೆ ಮೂರನೇ ಬೀಟಿಗೆ ಬಿ ಮುಳುಗಿಹೋಗಿರುತ್ತದೆ.

ಕೈಗಳನ್ನು ಬೇರ್ಪಡಿಸಿಕೊಳ್ಳಲು ಎರಡು ಬಗೆಯ ಅಭ್ಯಾಸ ಒಳ್ಳೆಯದು. ಒಂದು, ಬಲಗೈ ನಿಜವಾಗಿ ನುಡಿಸಲಿ, ಎಡಗೈ ಕೀಗಳ ಮೇಲೆ ಸದ್ದಿಲ್ಲದೆ ಒತ್ತುವಂತೆ ನಟಿಸಲಿ. ಅದಾದ ಮೇಲೆ ಎಡಗೈಗೆ ಸದ್ದು ಬರುವಷ್ಟು ಮಾತ್ರ ಬಲ ಸೇರಿಸಿ. ಎರಡು, ಮೆಲೊಡಿ ಗಟ್ಟಿಯಾಗಿ ಲೆಗಾಟೊ, ಕಾರ್ಡ್‌ಗಳು ಮೆಲ್ಲಗೆ ಸ್ಟಕಾಟೊ (ಬಿಡಿಬಿಡಿಯಾಗಿ, ಚುಟುಕಾಗಿ). ಕೇಳಲು ವಿಚಿತ್ರವಾಗಿರುತ್ತದೆ, ಆದರೆ ಎರಡು ಕೈ ಎರಡು ಬೇರೆ ಕೆಲಸ ಮಾಡುವುದನ್ನು ಮಿದುಳು ಇದರಿಂದ ಬೇಗ ಕಲಿಯುತ್ತದೆ.

ಒಂದೇ ಕೈಯಲ್ಲಿ ಮೆಲೊಡಿಯೂ ಒಳ ಸ್ವರಗಳೂ ಇದ್ದರೆ ಇನ್ನೂ ಕಷ್ಟ, ಏಕೆಂದರೆ ಮೇಲಿನ ಸ್ವರ ಹೆಚ್ಚಾಗಿ ಸಿಗುವುದು ಕಿರುಬೆರಳಿಗೆ, ಕೆಳಗಿನದು ಹೆಬ್ಬೆರಳಿಗೆ. ಬಲವಿರುವವನಿಗೆ ಸಣ್ಣ ಕೆಲಸ, ಬಲವಿಲ್ಲದವನಿಗೆ ದೊಡ್ಡ ಕೆಲಸ! ಅಲ್ಲಿ ಕೈಯ ತೂಕವನ್ನೇ ತುಸು ಕಿರುಬೆರಳಿನತ್ತ ವಾಲಿಸಬೇಕು.

ರೋಲ್‌ಪ್ರಿಯ

ಮೇಲಿನ ಮಾತಿಗೆ ಒಂದು ಸಣ್ಣ ಸೇರ್ಪಡೆ. ಒಳ್ಳೆಯ ಪಿಯಾನೊ ವಾದಕರು ಕಾರ್ಡ್ ನುಡಿಸುವಾಗ ಮೆಲೊಡಿ ಸ್ವರ ಉಳಿದವಕ್ಕಿಂತ ಸುಮಾರು 30 ಮಿಲಿಸೆಕೆಂಡಿನಷ್ಟು ಮುಂದಿರುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ಬೇಕೆಂದೇ ಹಾಗೆ ಮಾಡುತ್ತಾರೆಂದು ಕೆಲವರ ವಾದ. ಆದರೆ ಜೋರಾಗಿ ಒತ್ತಿದ ಕೀಯ ಹ್ಯಾಮರ್ ವೇಗವಾಗಿ ಹೋಗಿ ಮೊದಲು ತಲುಪುತ್ತದೆ, ಬೆರಳುಗಳು ಒಟ್ಟಿಗೇ ಹೊರಟಿದ್ದರೂ ಸರಿಯೇ. ಆದ್ದರಿಂದ ನೀವು ಧ್ವನಿಯ ಮಟ್ಟ ಸರಿಪಡಿಸಿಕೊಂಡರೆ ಸಾಕು, ಈ ಮುಂಚಿತತನ ತಾನೇ ಬರುತ್ತದೆ. ಬೇಕೆಂದು ಕೈ ಒಡೆದು ನುಡಿಸುವ ಅಗತ್ಯವಿಲ್ಲ.

ನಿಧಾನಗತಿ

ಎಡಗೈ ಇಳಿಸಿದ್ದು ಕೆಲಸ ಮಾಡಿತು. ಮುಂದಿನ ಪ್ರಶ್ನೆ ರುಬಾಟೊ, ಅಂದರೆ ಭಾವಕ್ಕಾಗಿ ಲಯವನ್ನು ತುಸು ಹಿಗ್ಗಿಸಿ ಕುಗ್ಗಿಸುವುದರ ಬಗ್ಗೆ. ಪ್ರತಿ ಫ್ರೇಸಿನ ಕೊನೆಗೆ ನಿಧಾನ ಮಾಡುತ್ತಿದ್ದೇನೆ, ಭಾವಪೂರ್ಣವಾಗಿ ಕೇಳಿಸುತ್ತದೆ ಎಂದುಕೊಂಡಿದ್ದೆ. ಮನೆಯವರು ‘ಯಾಕೆ ಹೀಗೆ ಎಡವುತ್ತಿದ್ದೀರಿ’ ಎಂದು ಕೇಳಿದರು.

ಹಳೆಯ_ಓಲೆ

ಮನೆಯವರ ಕಿವಿ ಚೆನ್ನಾಗಿದೆ.

ಮೊಟ್ಸಾರ್ಟ್ 1777ರ ಅಕ್ಟೋಬರ್‌ನಲ್ಲಿ ಆಗ್ಸ್‌ಬರ್ಗ್‌ನಿಂದ ತಂದೆಗೆ ಬರೆದ ಪತ್ರದಲ್ಲಿ ಈ ವಿಷಯ ಬರುತ್ತದೆ. ನಿಧಾನದ ಅಡಾಜಿಯೊದಲ್ಲಿ ತಾನು ರುಬಾಟೊ ಮಾಡುವಾಗ ಎಡಗೈಗೆ ಅದರ ಸುದ್ದಿಯೇ ಇರುವುದಿಲ್ಲ, ಬೇರೆಯವರಲ್ಲಾದರೆ ಎಡಗೈ ಬಲಗೈಗೆ ಮಣಿಯುತ್ತದೆ ಎಂಬುದು ಅವರ ಮಾತಿನ ತಿರುಳು. ಶೋಪಾನ್ ಕೂಡ ಶಿಷ್ಯರಿಗೆ ಎಡಗೈಯೇ ವಾದ್ಯವೃಂದದ ನಿರ್ದೇಶಕ, ಅದು ಕದಲಬಾರದು ಎನ್ನುತ್ತಿದ್ದರೆಂದು ಅವರ ಬಳಿ ಕಲಿತವರು ದಾಖಲಿಸಿದ್ದಾರೆ. ಅಂದರೆ ಇಬ್ಬರ ಕಲ್ಪನೆಯಲ್ಲೂ ರುಬಾಟೊ ಎಂದರೆ ಇಡೀ ಸಂಗೀತ ನಿಧಾನವಾಗುವುದಲ್ಲ. ಕೆಳಗೆ ಲಯ ನಡೆಯುತ್ತಿರುತ್ತದೆ, ಮೇಲೆ ಹಾಡುವ ಎಳೆ ತುಸು ಹಿಂದೆ ಉಳಿದು ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಇ ಫ್ಲ್ಯಾಟ್ ಮೇಜರ್ ನಾಕ್ಟರ್ನ್ (ಓಪಸ್ 9, ಸಂಖ್ಯೆ 2, ಪ್ರಕಟವಾದದ್ದು 1832) ಇದಕ್ಕೆ ಒಳ್ಳೆಯ ಅಭ್ಯಾಸ. 12/8 ತಾಳ, ಎಡಗೈಯಲ್ಲಿ ಒಂದು ಬಾಸ್ ಸ್ವರ, ಎರಡು ಕಾರ್ಡ್, ಮತ್ತೆ ಬಾಸ್, ಎರಡು ಕಾರ್ಡ್. ಎಡಗೈ ಒಂದನ್ನೇ, ಯಾರೋ ಹಾಡಲು ಮೇಲೆ ಕಾಯುತ್ತಿದ್ದಾರೆ ಎಂಬಂತೆ, ಹದವಾದ ನಡಿಗೆಯಲ್ಲಿ ನುಡಿಸಿ ರೆಕಾರ್ಡ್ ಮಾಡಿ. ಆ ರೆಕಾರ್ಡಿಂಗಿನ ಜತೆ ಬಲಗೈ ನುಡಿಸಿ. ಅಲಂಕಾರದ ಸಣ್ಣ ಸ್ವರಗಳು ಬಂದಲ್ಲಿ ಎಡಗೈ ನಿಮಗಾಗಿ ನಿಲ್ಲುವುದಿಲ್ಲ, ನೀವೇ ಅದರೊಳಗೆ ಜಾಗ ಹುಡುಕಿಕೊಳ್ಳಬೇಕಾಗುತ್ತದೆ. ಇದರಿಂದ ಬರುವ ಸ್ವಾತಂತ್ರ್ಯ ಎರಡೂ ಕೈ ಒಟ್ಟಿಗೆ ಎಳೆದಾಡುವುದರಿಂದ ಬರುವುದಿಲ್ಲ.

ಕಪ್ಪುಬಿಳಿ

ಹಾಗಾದರೆ ನುಡಿಸಿದ್ದನ್ನು ಕಾಗದದ ಸುರುಳಿಯಲ್ಲಿ ರಂಧ್ರಗಳಾಗಿ ದಾಖಲಿಸಿದ 1900ರ ಆಸುಪಾಸಿನ ಪಿಯಾನೊ ರೋಲ್‌ಗಳನ್ನು ಕೇಳಿ. ಹತ್ತೊಂಬತ್ತನೇ ಶತಮಾನದಲ್ಲೇ ಬೆಳೆದ ಕಲಾವಿದರು ಎಡಗೈ ಮೊದಲು, ಬಲಗೈ ಆಮೇಲೆ ನುಡಿಸುತ್ತಾರೆ, ಕಾರ್ಡ್‌ಗಳನ್ನು ಚೆದುರಿಸುತ್ತಾರೆ, ಲಯವನ್ನು ಎರಡೂ ಕೈಯಲ್ಲಿ ಹಿಗ್ಗಿಸುತ್ತಾರೆ. ಪತ್ರದಲ್ಲಿ ಬರೆದದ್ದು ಒಂದು, ನುಡಿಸುತ್ತಿದ್ದದ್ದು ಇನ್ನೊಂದು ಇರಬಹುದಲ್ಲವೇ?

ರೋಲ್‌ಪ್ರಿಯ

ಈ ಬಾರಿ ಕಪ್ಪುಬಿಳಿಯವರ ಪಕ್ಷ ನನ್ನದು. ವೆಲ್ಟೆ-ಮಿನ್ಯೋನ್ ಎಂಬ ಯಂತ್ರದ ರೋಲ್‌ಗಳು 1904ರ ನಂತರದವು, ಅವುಗಳಲ್ಲಿ ಕೇಳುವ ಸ್ವಾತಂತ್ರ್ಯಕ್ಕೂ ಇಂದಿನ ಸ್ಪರ್ಧೆಗಳ ಅಚ್ಚುಕಟ್ಟಿಗೂ ಅಜಗಜಾಂತರ. ರುಬಾಟೊ ಒಂದೇ ಬಗೆಯದಲ್ಲ. ಮೊಟ್ಸಾರ್ಟ್ ಹೇಳಿದ ಬಗೆ ಇದೆ, ಇಡೀ ಲಯವೇ ಹಿಗ್ಗಿ ಕುಗ್ಗುವ ಬಗೆಯೂ ಇದೆ. ಆದರೆ ಎರಡನೆಯದರಲ್ಲೂ ಆ ಹಳಬರು ಪ್ರತಿ ಫ್ರೇಸಿನ ಕೊನೆಗೆ ತಪ್ಪದೆ ನಿಧಾನ ಮಾಡುವುದಿಲ್ಲ ಎಂಬುದನ್ನು ಗಮನಿಸಿ. ಎಷ್ಟೋ ಕಡೆ ಮುನ್ನುಗ್ಗುತ್ತಾರೆ. ಮುಂದೇನಾಗುತ್ತದೆ ಎಂದು ಕೇಳುಗನಿಗೆ ಮೊದಲೇ ಗೊತ್ತಾಗುವ ರುಬಾಟೊ ರುಬಾಟೊವೇ ಅಲ್ಲ, ಕೈಚಟ.

ಹಳೆಯ_ಓಲೆ

ಒಪ್ಪಿದೆ. ಕಲಿಯುವವರು ಮೊದಲನೆಯದರಿಂದ ಆರಂಭಿಸಲಿ ಎಂಬುದಷ್ಟೇ ನನ್ನ ಹಟ.

ಅರ್ಧವಿರಾಮ

ಎಲ್ಲರೂ ಪ್ರೆಲ್ಯೂಡಿಗೇ ಅಂಟಿಕೊಂಡಿದ್ದೀರಿ, ‘ಫ್ಯೂರ್ ಎಲಿಸೆ’ ಬಗ್ಗೆ ಯಾರೂ ಹೇಳಲಿಲ್ಲ. ಪಾಪ, ಆ ಕೃತಿಯಷ್ಟು ಕೆಟ್ಟದಾಗಿ ನುಡಿಸಲ್ಪಟ್ಟ ಕೃತಿ ಇನ್ನೊಂದಿರಲಾರದು.

ಬೇಥೋವನ್ ಇದನ್ನು ಬರೆದದ್ದು 1810ರಲ್ಲಿ, ಅಚ್ಚಾದದ್ದು ಅವರು ತೀರಿಹೋಗಿ ನಲವತ್ತು ವರ್ಷಗಳಾದ ಮೇಲೆ, 1867ರಲ್ಲಿ. ತಾಳ 3/8. ಆರಂಭದ ಗುರುತು ಪಿಯಾನಿಸ್ಸಿಮೊ, ಅಂದರೆ ತೀರಾ ಮೆಲ್ಲಗೆ. ಮೊದಲ ಎರಡು ಸ್ವರಗಳಾದ ಇ ಮತ್ತು ಡಿ ಶಾರ್ಪ್ ಬಾರ್ ಗೆರೆಗೆ ಮುಂಚಿನವು. ಬಹುತೇಕರು ಮೊದಲ ಇಯನ್ನೇ ಗುದ್ದಿ ಹೊರಡುತ್ತಾರೆ, ಅಲ್ಲಿಂದ ಇಡೀ ಸಾಲು ಓರೆಯಾಗುತ್ತದೆ. ಆ ಇ, ಡಿ ಶಾರ್ಪ್‌ಗಳ ತೂಗಾಟ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳಿ. ಅದು ಹೋಗುತ್ತಿರುವುದು ಎರಡನೇ ಬಾರಿನ ಎಗೆ. ಅಲ್ಲಿ ಎಡಗೈ ಮೊದಲ ಸಲ ಬಂದು ಸೇರುತ್ತದೆ, ಎ ಮೈನರ್ ಗಟ್ಟಿಯಾಗುತ್ತದೆ. ಅಷ್ಟೂ ಸ್ವರಗಳನ್ನು ಒಂದೇ ಉಸಿರಿನಲ್ಲಿ ಆ ಎ ಕಡೆಗೆ ಒಯ್ಯಿರಿ. ಎ ಮೇಲೆ ಇಳಿಯುವಾಗ ಮೆಲ್ಲಗೆ, ಹೊಡೆತ ಬೇಡ.

ಅಲ್ಲಿಂದ ಮುಂದಿನದ್ದು ಇನ್ನೂ ಸೊಗಸು. ಎಡಗೈಯಲ್ಲಿ ಎ, ಇ, ಎ ಮೇಲೇರುತ್ತದೆ. ಅದರ ಬೆನ್ನಿಗೇ ಬಲಗೈಯಲ್ಲಿ ಸಿ, ಇ, ಎ ಮೇಲೇರಿ ಮುಂದಿನ ಬಾರಿನ ಬಿ ಮುಟ್ಟುತ್ತದೆ. ಇದು ಎರಡು ಕೈಗೆ ಹಂಚಿದ ಒಂದೇ ಏರಿಕೆ. ಕೈ ಬದಲಾಗುವ ಸಿ ಸಿಗುವುದು ಬಲಗೈ ಹೆಬ್ಬೆರಳಿಗೆ, ಆದ್ದರಿಂದಲೇ ಅಲ್ಲಿ ಒಂದು ಗಂಟು ಕೇಳಿಸುತ್ತದೆ. ಆ ಆರು ಸ್ವರಗಳನ್ನು ಕಣ್ಣು ಮುಚ್ಚಿ ನುಡಿಸಿ. ಯಾವ ಸ್ವರದಲ್ಲಿ ಕೈ ಬದಲಾಯಿತೆಂದು ಬೇರೆಯವರು ಹೇಳಲಾಗದಂತಾದರೆ ಆ ಬಾರ್ ನಿಮಗೆ ಒಲಿಯಿತು.

ಸ್ಲರ್ ಗೆರೆಗಳ (ಸ್ವರಗಳನ್ನು ಕೂಡಿಸಲು ಎಳೆಯುವ ಬಾಗಿದ ಗೆರೆಗಳ) ಬಗ್ಗೆಯೂ ಒಂದು ಮಾತು. ಮೊಟ್ಸಾರ್ಟ್ ಕಾಲದ ಪುಟ್ಟ ಸ್ಲರ್‌ಗಳು ಪಿಟೀಲಿನ ಬಿಲ್ಲಿನಿಂದ ಬಂದವು. ಎರಡು ಸ್ವರಕ್ಕೆ ಒಂದು ಸ್ಲರ್ ಇದ್ದರೆ ಮೊದಲನೆಯದಕ್ಕೆ ತೂಕ, ಎರಡನೆಯದು ಹಗುರ, ಬಳಿಕ ತುಸು ಬಿಡುವು. ಸ್ಲರ್ ಹಾಕಿದ ಸ್ವರಗಳಲ್ಲಿ ಮೊದಲನೆಯದು ತುಸು ಬಲವಾಗಿರಲಿ ಎಂದು ಅವರ ತಂದೆ ಲಿಯೋಪೋಲ್ಡ್ ಅವರೇ 1756ರ ಪಿಟೀಲು ಪಠ್ಯದಲ್ಲಿ ಬರೆದಿದ್ದಾರೆ. ಶೋಪಾನ್‌ನಲ್ಲಿ ಬರುವ ಉದ್ದನೆಯ ಸ್ಲರ್ ಬೇರೆಯೇ ಜಾತಿ, ಅದು ಇಡೀ ವಾಕ್ಯವನ್ನು ಸೂಚಿಸುತ್ತದೆ. ಎರಡನ್ನೂ ‘ಲೆಗಾಟೊ’ ಎಂದಷ್ಟೇ ಓದಿಕೊಂಡರೆ ಎಲ್ಲ ಕೃತಿಗಳೂ ಒಂದೇ ದನಿಯಲ್ಲಿ ಮಾತಾಡುತ್ತವೆ. 1789ರಲ್ಲಿ ಡೇನಿಯಲ್ ಗಾಟ್ಲೋಬ್ ಟುರ್ಕ್ ಎಂಬ ಜರ್ಮನ್ ಶಿಕ್ಷಕರು ಕೀಬೋರ್ಡ್ ಕಲಿಯುವವರಿಗೆ ಬರೆದ ಪಠ್ಯದಲ್ಲಿ, ಅಲ್ಪವಿರಾಮದ ಜಾಗ ಬದಲಾದರೆ ವಾಕ್ಯದ ಅರ್ಥವೇ ತಿರುಗಿಹೋಗುವಂತೆ ತಪ್ಪು ಜಾಗದಲ್ಲಿ ಉಸಿರು ಬಿಟ್ಟರೆ ಸಂಗೀತದ ಅರ್ಥವೂ ಕೆಡುತ್ತದೆ ಎಂದು ಉದಾಹರಣೆ ಕೊಟ್ಟೇ ತೋರಿಸಿದ್ದಾರೆ.

ಕಪ್ಪುಬಿಳಿ

ಇದನ್ನು ಒಪ್ಪುತ್ತೇನೆ. ಉಸಿರು ಎಲ್ಲಿ ಎಂದು ಗೊತ್ತಾಗಲು ಒಂದೇ ದಾರಿ, ಬಾಯಿಬಿಟ್ಟು ಹಾಡುವುದು. ಕಂಠ ಹೇಗಿದ್ದರೂ ಪರವಾಗಿಲ್ಲ. ಹಾಡುವಾಗ ಯಾರೂ ಪ್ರತಿ ಬಾರಿನ ಮೊದಲ ಸ್ವರವನ್ನು ಗುದ್ದುವುದಿಲ್ಲ, ಕೀ ಮುಂದೆ ಕುಳಿತ ತಕ್ಷಣ ಎಲ್ಲರೂ ಗುದ್ದುತ್ತಾರೆ.

ಹಳೆಯ_ಓಲೆ

ಶೋಪಾನ್ ಶಿಷ್ಯರನ್ನು ಇಟಾಲಿಯನ್ ಒಪೆರಾದ ಗಾಯಕರನ್ನು ಕೇಳಲು ಅಟ್ಟುತ್ತಿದ್ದರು. ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ ಕೂಡ 1753ರಲ್ಲೇ ಗಾಯಕರನ್ನು ಕೇಳಿ, ಹಾಡುತ್ತ ಯೋಚಿಸುವುದನ್ನು ಕಲಿಯಿರಿ ಎಂದಿದ್ದರು. ಕಪ್ಪುಬಿಳಿಯವರ ಮಾತಿಗೆ ಹಿರಿಯರ ಬೆಂಬಲವಿದೆ.

ಹೊಸಬಳು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ನುಡಿಸುವುದು ತಂದೆ ಬಾಖ್ (ಯೋಹಾನ್ ಸೆಬಾಸ್ಟಿಯನ್) ಅವರ ಎರಡು ಎಳೆಗಳ ಇನ್ವೆನ್ಶನ್‌ಗಳನ್ನು. ಅವುಗಳಲ್ಲಿ ಜೋರು, ಮೆಲ್ಲಗೆ ಎಂಬ ಗುರುತುಗಳೇ ಇಲ್ಲ. ಹಾಗಿದ್ದರೆ ಯಂತ್ರದಂತೆ ಸಮವಾಗಿ ನುಡಿಸಬೇಕೇ? ನನ್ನ ಹಳೆಯ ಪ್ರತಿಯಲ್ಲಿ ಗುರುತುಗಳು ತುಂಬಿವೆ, ಹೊಸದರಲ್ಲಿ ಒಂದೂ ಇಲ್ಲ.

ಹಳೆಯ_ಓಲೆ

ಹಳೆಯ ಪ್ರತಿಯ ಗುರುತುಗಳು ಸಂಪಾದಕರವು. ಬಾಖ್ ಕೃತಿಗಳಿಗೆ ಹೀಗೆ ಧಾರಾಳವಾಗಿ ಗುರುತು ಹಾಕುವುದು ಹತ್ತೊಂಬತ್ತನೇ ಶತಮಾನದ ರೂಢಿ. ಪಿಯಾನೊ ಶಿಕ್ಷಕ ಚೆರ್ನಿ ಸಂಪಾದಿಸಿದ, ಬಾಖ್ ಅವರ 48 ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳ ಆವೃತ್ತಿ ಇದಕ್ಕೆ ಹೆಸರುವಾಸಿ. ಅವನ್ನು ಒಬ್ಬ ಅನುಭವಿಯ ಸಲಹೆ ಎಂದು ಓದಿ, ಬಾಖ್ ಆಜ್ಞೆ ಎಂದಲ್ಲ.

ಯಂತ್ರದಂತೆ ನುಡಿಸಬೇಕೇ ಎಂಬುದಕ್ಕೆ ಬಾಖ್ ಅವರೇ ಉತ್ತರ ಕೊಟ್ಟಿದ್ದಾರೆ. 1723ರ ಇನ್ವೆನ್ಶನ್ ಹಸ್ತಪ್ರತಿಯ ಮುನ್ನುಡಿಯಲ್ಲಿ ಈ ಕೃತಿಗಳ ಉದ್ದೇಶಗಳಲ್ಲಿ ಎಲ್ಲಕ್ಕಿಂತ ಮಿಗಿಲಾದುದು ಕಾಂತಾಬಿಲೆ ಶೈಲಿ, ಅಂದರೆ ಹಾಡುವಂತೆ ನುಡಿಸುವುದನ್ನು ಸಾಧಿಸುವುದು ಎಂದಿದೆ. ಆ ಕಾಲದ ಕೀಬೋರ್ಡ್ ವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳಿನ ಬಲದಿಂದ ಜೋರು ಮೆಲ್ಲಗೆ ಮಾಡಲು ಆಗುತ್ತಿರಲಿಲ್ಲ. ಅವರ ಬಳಿ ಇದ್ದ ಸಾಧನ ಸ್ವರಗಳನ್ನು ಎಷ್ಟು ಹೊತ್ತು ಹಿಡಿಯುವುದು, ಎಲ್ಲಿ ಬಿಡುವುದು ಎಂಬುದು. ಮೊದಲು ಅದನ್ನೇ ಕಲಿಯಿರಿ: ಪಕ್ಕಪಕ್ಕದ ಸ್ವರಗಳು ಕೂಡಿಕೊಂಡಿರಲಿ, ದೂರ ಜಿಗಿಯುವ ಸ್ವರಗಳ ನಡುವೆ ಸಂದು ಇರಲಿ. ಒಂದೇ ತುಣುಕು ಒಂದೊಂದು ಮೆಟ್ಟಿಲು ಮೇಲೇರುತ್ತ ಮತ್ತೆ ಮತ್ತೆ ಬಂದರೆ ಧ್ವನಿಯೂ ಅದರ ಜತೆ ಬೆಳೆಯಲಿ, ಇಳಿಯುತ್ತ ಬಂದರೆ ಇಳಿಯಲಿ. ಇಷ್ಟು ಮಾಡಿದರೆ ಗುರುತುಗಳಿಲ್ಲದ ಪುಟ ನಿಮಗೆ ಬೋಳಾಗಿ ಕಾಣುವುದಿಲ್ಲ.

ಎಡಗೈಗಾರ

ಮತ್ತೆ ಮತ್ತೆ ಬರುವುದರ ಮಾತು ಬಂತೆಂದು ನೆನಪಾಯಿತು. ಶೂಮನ್ ಅವರ ‘ಟ್ರಾಯ್ಮರಾಯ್’ (1838) ನೋಡಿ. ಮೊದಲ ಸಲ ಮೆಲೊಡಿ ಏರಿ ಎಫ್ ಮುಟ್ಟುತ್ತದೆ. ಅದೇ ಸಾಲು ಎರಡನೇ ಸಲ ಬಂದಾಗ ಎ ವರೆಗೆ ಹೋಗುತ್ತದೆ. ಕೊನೆಯಲ್ಲೂ ಎಯೇ, ಆದರೆ ಅಲ್ಲಿ ಫರ್ಮಾಟಾ (ಸ್ವರವನ್ನು ಹೆಚ್ಚು ಹೊತ್ತು ಹಿಡಿಯುವ ಗುರುತು) ಇದೆ, ಕೆಳಗಿನ ಕಾರ್ಡ್ ಬೇರೆ. ಮೂರನ್ನೂ ಒಂದೇ ಬಗೆಯಲ್ಲಿ ಶಿಖರ ಮಾಡಿದರೆ ಕೊನೆಯದಕ್ಕೆ ಏನೂ ಉಳಿಯುವುದಿಲ್ಲ. ಯಾವುದು ನಿಜವಾದ ತುದಿ ಎಂದು ಮೊದಲೇ ತೀರ್ಮಾನಿಸಿ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬನ್ನಿ. (ಹೌದು, ಲೆಕ್ಕವೇ!)

ಅರ್ಧವಿರಾಮ

ಮೆಟ್ರೊನೋಮ್ ಬಗ್ಗೆ: ಪ್ರತಿ ಬೀಟಿಗೂ ಟಿಕ್ ಎನ್ನುವಂತೆ ಇಟ್ಟುಕೊಂಡರೆ ಪ್ರತಿ ಬೀಟನ್ನೂ ಕುಟ್ಟುವ ಚಟ ಹತ್ತುತ್ತದೆ. ಬಾರಿಗೊಂದು, ಆಮೇಲೆ ಎರಡು ಬಾರಿಗೊಂದು ಟಿಕ್ ಬರುವಂತೆ ಇಡಿ. ನಡುವಿನ ಜಾಗವನ್ನು ನೀವೇ ನಿಭಾಯಿಸಬೇಕು. ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗವನ್ನು ಎಲ್ಲರೂ ಬಾರಿಗೆ ನಾಲ್ಕು ಬೀಟಿನಂತೆ ಎಣಿಸುತ್ತ ಎಳೆಯುತ್ತಾರೆ, ಬೇಥೋವನ್ ಬರೆದಿರುವುದು ಬಾರಿಗೆ ಎರಡು. ಎರಡಾಗಿ ಎಣಿಸಿ ನೋಡಿ, ಆ ಮೂರು ಮೂರು ಸ್ವರಗಳ ಟ್ರಿಪ್ಲೆಟ್‌ಗಳು ತಾವೇ ಹರಿಯುತ್ತವೆ. ನೀವು ನುಡಿಸುವ ಪ್ರೆಲ್ಯೂಡಿಗೂ ಅದೇ ಗುರುತು ಇದೆ, ನಿಧಾನಗತಿಯವರೇ.

ಬೈಟ್‌ಬೆರಳು

ಡಿಜಿಟಲ್ ಪಿಯಾನೊ ಇರುವವರಿಗೆ ಒಂದು ಅನುಕೂಲವಿದೆ, ಬಳಸಿಕೊಳ್ಳಿ. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ ಮಿಡಿ (ಒತ್ತಿದ ಕೀಗಳ ಮಾಹಿತಿ) ರೆಕಾರ್ಡ್ ಮಾಡಿದರೆ ಪ್ರತಿ ಸ್ವರವನ್ನು ಎಷ್ಟು ವೇಗದಲ್ಲಿ ಒತ್ತಿದಿರಿ ಎಂಬುದು 1ರಿಂದ 127ರವರೆಗಿನ ಸಂಖ್ಯೆಯಾಗಿ ಕಾಣುತ್ತದೆ. ‘ಜೋರು ಮೆಲ್ಲಗೆ ಮಾಡುತ್ತಿದ್ದೇನೆ’ ಎನ್ನುವವರ ಸ್ವರಗಳೆಲ್ಲ 60ರಿಂದ 75ರ ನಡುವೆ ಗುಂಪುಗೂಡಿರುವುದು ಸಾಮಾನ್ಯ. ಮನಸ್ಸಿನಲ್ಲಿ ಕ್ರೆಶೆಂಡೊ (ಧ್ವನಿಯ ಏರಿಕೆ) ನಡೆದಿರುತ್ತದೆ, ಕಡತದಲ್ಲಿ ನಡೆದಿರುವುದಿಲ್ಲ. ಮೆಲೊಡಿಯ ಸಂಖ್ಯೆಗಳೂ ಪಕ್ಕವಾದ್ಯದ ಸಂಖ್ಯೆಗಳೂ ಒಂದರ ಮೇಲೊಂದು ಬಿದ್ದಿದ್ದರೆ ಮಂದ್ರ ಅವರು ಹೇಳಿದ ಕೆಲಸ ಇನ್ನೂ ಬಾಕಿ ಇದೆ ಎಂದು ತಿಳಿಯಿರಿ.

ಸೆಟ್ಟಿಂಗ್‌ಗಳಲ್ಲಿ ಟಚ್ ಎಂಬುದನ್ನೂ ನೋಡಿ. ‘ಲೈಟ್’ ಎಂದಿದ್ದರೆ ಸ್ವಲ್ಪ ಒತ್ತಿದರೂ ಜೋರಾಗುತ್ತದೆ, ಮೆಲ್ಲಗಿನ ಕಡೆ ನಿಮಗೆ ಜಾಗವೇ ಉಳಿಯುವುದಿಲ್ಲ. ಹೆಡ್‌ಫೋನ್ ಧ್ವನಿ ತೀರಾ ಕಡಿಮೆ ಇಟ್ಟು ಅಭ್ಯಾಸ ಮಾಡುವವರು ಗೊತ್ತಿಲ್ಲದೆ ಎಲ್ಲವನ್ನೂ ಗಟ್ಟಿಯಾಗಿ ಒತ್ತಲು ಕಲಿಯುತ್ತಾರೆ.

ಮಂದ್ರ

ಸಂಖ್ಯೆ ನೋಡುವುದು ಒಳ್ಳೆಯದೇ, ಆದರೆ ನುಡಿಸುವಾಗ ಪರದೆ ಆರಿಸಿರಿ. ಕಣ್ಣಿಗೆ ಕೆಲಸ ಸಿಕ್ಕರೆ ಕಿವಿ ರಜೆ ಹಾಕುತ್ತದೆ.

ನಿಧಾನಗತಿ

ಬೈಟ್‌ಬೆರಳು ಹೇಳಿದ್ದನ್ನು ಮಾಡಿ ನೋಡಿದೆ. ಬಲಗೈ, ಎಡಗೈ ಎರಡೂ ಒಂದೇ ಗುಂಪಿನಲ್ಲಿದ್ದವು! ಈಗ ಬೇರೆಯಾಗುತ್ತಿವೆ. ಪೆಡಲ್ ಬಗ್ಗೆ ಯಾರಾದರೂ ಹೇಳುತ್ತೀರಾ? ಪೆಡಲ್ ಒತ್ತಿದರೆ ಎಲ್ಲವೂ ಚೆಂದ, ಆದರೆ ಕಲಸುಮೇಲೋಗರ.

ಎಡಗೈಗಾರ

ಮೊದಲು ಪೆಡಲ್ ಇಲ್ಲದೆ ಫ್ರೇಸ್ ಕೂಡಿಸಲು ಬರಬೇಕು. ಅದು ಬಂದ ಮೇಲೆ ಪೆಡಲ್. ಕಾರ್ಡಿನ ಜತೆಗೇ ಒತ್ತಬೇಡಿ. ಹೊಸ ಕಾರ್ಡ್ ಕೇಳಿಸುವ ಗಳಿಗೆಯಲ್ಲಿ ಪಾದ ಮೇಲೆತ್ತಿ, ಅದು ಕೇಳಿಸಿದ ನಂತರ ಒತ್ತಿ. ಪ್ರೆಲ್ಯೂಡಿನಲ್ಲಿ ಬಾರಿಗೆ ಒಂದು ಬದಲಾವಣೆ ಸಾಲದು, ನೀವು ಸುತ್ತು ಹಾಕಿದ ಪ್ರತಿ ಸ್ವರದಲ್ಲೂ ಬದಲಾಯಿಸಿ. ಪೆನ್ಸಿಲಿನ ಸುತ್ತುಗಳಿಗೆ ಇದು ಎರಡನೇ ಉಪಯೋಗ, ಕಪ್ಪುಬಿಳಿಯವರ ಗಮನಕ್ಕೆ.

ಕಪ್ಪುಬಿಳಿ

ಗಮನಿಸಿದೆ. ಆದರೂ ಸುತ್ತು ಹಾಕಿದ ಪುಟ ನೋಡಿಕೊಂಡು ಯಾರಾದರೂ ಅಳುವಂತೆ ನುಡಿಸಿದ್ದನ್ನು ನಾನಿನ್ನೂ ಕೇಳಿಲ್ಲ.

ನಿಧಾನಗತಿ

ಕೊನೆಯ ಪ್ರಶ್ನೆ. ಪ್ರೆಲ್ಯೂಡಿನ 16ನೇ ಬಾರಿನಲ್ಲಿ ‘ಸ್ಟ್ರೆಟ್ಟೊ’ (ವೇಗ ಹೆಚ್ಚಿಸಿ) ಎಂದಿದೆ, 17ರಲ್ಲಿ ಫೋರ್ಟೆ (ಜೋರಾಗಿ). ಅಲ್ಲಿ ವೇಗವೂ ಹೆಚ್ಚಿ, ಧ್ವನಿಯೂ ಹೆಚ್ಚಿ, ಕೈ ಬಿಗಿದು ಎಲ್ಲ ಒಡೆದುಹೋಗುತ್ತದೆ.

ಮಂದ್ರ

ಎರಡನ್ನೂ ಒಟ್ಟಿಗೆ ಕಲಿಯಬೇಡಿ. ಮೊದಲು ಆ ಬಾರ್‌ಗಳನ್ನು ಮೆಲ್ಲಗಿನ ಧ್ವನಿಯಲ್ಲೇ ವೇಗ ಹೆಚ್ಚಿಸುತ್ತ ನುಡಿಸಿ. ಆಮೇಲೆ ವೇಗ ಬದಲಿಸದೆ ಧ್ವನಿ ಮಾತ್ರ ಬೆಳೆಸಿ. ಎರಡೂ ಬೇರೆ ಬೇರೆಯಾಗಿ ಸಲೀಸಾದ ಮೇಲೆ ಕೂಡಿಸಿ. ಧ್ವನಿ ಬೆಳೆಸುವಾಗ ಅದು ಬಾಸ್‌ನಿಂದ ಬರಲಿ, ಬಲಗೈಯಿಂದಲ್ಲ. ಕೆಳಗಿನ ಸ್ವರಗಳು ತುಂಬಿಕೊಂಡರೆ ಮೇಲಿನದು ಕಿರುಚದೆಯೇ ದೊಡ್ಡದಾಗಿ ಕೇಳಿಸುತ್ತದೆ.

ಮೊಣಕೈ ಬಿಗಿಯುತ್ತಿದೆಯೇ ಎಂದು ನೋಡಿಕೊಳ್ಳಿ. ಸಾಮಾನ್ಯವಾಗಿ 15ರಲ್ಲೇ ಬಿಗಿಯಲು ಶುರುವಾಗಿರುತ್ತದೆ, ಫೋರ್ಟೆ ಬರುತ್ತದೆ ಎಂಬ ಭಯಕ್ಕೆ.

ಎಡಗೈಗಾರ

13ರಿಂದ 18ರವರೆಗೆ ಎಡಗೈ ಒಂದನ್ನೇ ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಪೆಡಲ್ ಬೇಡ. ಎಲ್ಲಿ ಒಡೆಯುತ್ತದೆ ಎಂದು ಕೇಳಿ ಹೇಳುತ್ತೇವೆ.